ಮೊದಲ ಹದಿನೈದು ನಿಮಿಷ

ಮೂರನೆಯ ನೀರಿಗೂ ಬಟ್ಟೆ ಗಂಜಿ ಬಿಟ್ಟಿರಲಿಲ್ಲ. ನೀಲಕ್ಕ ಬೋಗುಣಿಯ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿ, ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಇನ್ನೂ ಕಾಗದದ ಹಾಗೆ ಕರಕರ ಅನ್ನುತ್ತಿತ್ತು. ಮತ್ತೆ ನೀರು ತುಂಬಿಕೊಂಡಳು. ಹಿಂಡುವುದೇ ತ್ರಾಸಿನ ಕೆಲಸ. ಎಡಗೈಗೆ ಭಾರ ಬೀಳಕೂಡದೆಂದು ದವಾಖಾನೆಯವರ ಕಟ್ಟಪ್ಪಣೆ. ಅದಕ್ಕೇ ಬಟ್ಟೆಯ ಒಂದು ತುದಿಯನ್ನು ಹಿತ್ತಲ ನಳಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಬಲಗೈಯಿಂದ ತಿರುವುತ್ತಿದ್ದಳು.

"ಎಷ್ಟನೇ ಸಲ ಬೇ ಅದು?" ಬಾಣಂತನಕ್ಕೆ ಬಂದಿದ್ದ ಮಗಳು ಶೈಲಶ್ರೀ ತಲೆಗೆ ಅರಿವೆ ಸುತ್ತಿಕೊಂಡು ಬಾಗಿಲಲ್ಲಿ ನಿಂತು ಕೇಳಿದಳು.

"ನಾಕನೇದು."

"ನಮ್ಮತ್ತಿ ಹುಬ್ಬಳ್ಯಾಗ ನಾಕ ಅಂಗಡಿ ತಿರುಗಿ ಆರಿಸಿ ತಂದದ್ದು. ನೀ ಹಿಂಗ ತಿಕ್ಕಿದ್ರ ಅದರ ಬಣ್ಣಾನೂ ಉಳಿಯಂಗಿಲ್ಲ, ನನ್ನ ಮರ್ಯಾದಿನೂ ಉಳಿಯಂಗಿಲ್ಲ."

"ಬಣ್ಣ ಹೋದ್ರ ಹೋಗಲಿ. ಗಂಜಿ ಹೋಗೂತನಾ ಕೂಸಿನ ಮೈಗೆ ಮುಟ್ಟಸಂಗಿಲ್ಲ ನೋಡು."

ಅದು ದೇವಿಕೊಪ್ಪದ ಆ ಮನೆಯಲ್ಲಿ ನೀಲಕ್ಕನ ಅತ್ತೆಯ ಕಾಲದಿಂದ ನಡೆದು ಬಂದದ್ದು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಇಲ್ಲ. ಮನೆಯ ಹಿರಿಯಳು ಉಟ್ಟುಟ್ಟು, ಒಗೆದೊಗೆದು, ನೂಲೆಲ್ಲ ಮೆತ್ತಗಾದ ಸೀರೆಯನ್ನೇ ಹರಿದು ಮೈಗೆ ಸುತ್ತಬೇಕು, ಅದನ್ನೇ ತೊಟ್ಟಿಲಿಗೆ ಹಾಸಬೇಕು. ಹೊಸದು ಬಂದರೆ ಅದರ ಸೊಕ್ಕು ನೀರಲ್ಲಿ ಇಳಿದ ಮೇಲೆಯೇ ಕೂಸಿನ ಹತ್ತಿರ ಬರಬೇಕು. ಶೈಲಶ್ರೀಯನ್ನೂ ಹಾಗೆಯೇ ಬೆಳೆಸಿದ್ದು.

ಹಳೆಯ ಸೀರೆ ತರಲು ಒಳಗೆ ಹೋದ ಶೈಲಶ್ರೀ ಸೀರೆಯ ಜೊತೆಗೆ ಒಂದು ಲಕೋಟೆ ಹಿಡಿದು ಬಂದಳು. ಮೇಲೆ ಹುಬ್ಬಳ್ಳಿಯ ಡಾಕ್ಟರ ವಿಳಾಸ ಬರೆದಿತ್ತು, ಬಾಯಿಗೆ ಅಂಟು ಹಚ್ಚಿರಲಿಲ್ಲ.

"ಇದಿನ್ನೂ ಟ್ರಂಕಿನ್ಯಾಗ ಐತಲ್ಲ ಬೇ? ಶಿವರಾತ್ರಿಗೆ ಬರದದ್ದು. ಯುಗಾದಿ ಹೋಗಿ ಹದಿನೈದ ದಿನ ಆತು. ಟ್ರಂಕಿನ್ಯಾಗ ಇಟ್ರ ಡಾಕ್ಟರ್ ಹೆಂಗ ಓದಬೇಕು?"

"ಇದ್ದಲ್ಲೇ ಇಡು ಅದನ್ನ."

"ನಾಳಿ ಸೋಮವಾರ."

"ನನಗ ಗೊತ್ತಿಲ್ಲನು?"

ನೀಲಕ್ಕ ತಲೆ ಎತ್ತಲಿಲ್ಲ. ತುದಿ ಹಿಡಿದು ಮತ್ತೆ ತಿರುವಿದಳು. ನೀರು ಬೆಳ್ಳಗೇ ಬಂತು.

ಮೂರು ವರ್ಷದ ಹಿಂದೆ ಅವಳ ಎರಡೂ ಮೂತ್ರಪಿಂಡ ಕೆಲಸ ಬಿಟ್ಟಿದ್ದವು. ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಅವಳವಲ್ಲ. ಗಂಡ ಶಂಭುಲಿಂಗಪ್ಪ ಬೆಳಗ್ಗೆ ಅವಳನ್ನು ಗಾಡಿಯ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟು ಹೊಲಕ್ಕೆ ಹೋಗುತ್ತಿದ್ದ. ಅವಳು ಮೊದಲ ಬಸ್ಸಿಗೆ ಕಲಘಟಗಿಗೆ ಹೋಗಿ, ಒಂದು ಟ್ರಸ್ಟಿನವರು ನಡೆಸುತ್ತಿದ್ದ ಡಯಾಲಿಸಿಸ್ ಕೇಂದ್ರದಲ್ಲಿ ನಾಲ್ಕು ತಾಸು ಮಲಗಿ ಬರಬೇಕು. ಎಡಗೈಗೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ಮಶೀನಿನ ಬಾಜುವಿಗೆ ನಿಲ್ಲಿಸಿದ ಒಂದು ಗೇಣುದ್ದದ ಫಿಲ್ಟರಿನೊಳಗೆ ಹಾಯುತ್ತದೆ, ಇನ್ನೊಂದು ಸೂಜಿಯಿಂದ ಮೈಗೆ ವಾಪಸು ಬರುತ್ತದೆ. ಫಿಲ್ಟರಿನ ಒಳಗೆ ಕೂದಲಿನಷ್ಟು ಸಣ್ಣ ಸಾವಿರಾರು ಬಿಳಿ ಕೊಳವೆಗಳು. ಆ ಕೊಳವೆಯ ಗೋಡೆಯೇ ಪೊರೆ. ಒಳಗೆ ರಕ್ತ, ಹೊರಗೆ ನೀರು. ರಕ್ತದ ಹೊಲಸು ಆ ಪೊರೆ ದಾಟಿ ನೀರಿಗೆ ಇಳಿಯಬೇಕು, ರಕ್ತ ಮಾತ್ರ ಇಳಿಯಬಾರದು. ಅಲ್ಲಿಯ ಟೆಕ್ನಿಶಿಯನ್ ಸಂಗನಬಸವ ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದ್ದ. ಅವಳು ಕೇಳದೆ ಬಿಡುವ ಹೆಂಗಸಲ್ಲ.

ಈ ವರ್ಷದ ಸಂಕ್ರಮಣದವರೆಗೆ ಒಬ್ಬೊಬ್ಬರಿಗೆ ಒಂದೊಂದು ಫಿಲ್ಟರ್ ಇತ್ತು. ಕೆಲಸ ಮುಗಿದ ಮೇಲೆ ಅದನ್ನು ಔಷಧದ ನೀರಲ್ಲಿ ತೊಳೆದು, ಹೆಸರಿನ ಚೀಟಿ ಅಂಟಿಸಿ, ಮುಂದಿನ ಸಲ ಅವರಿಗೇ ಹಚ್ಚುತ್ತಿದ್ದರು. ತೊಳೆದು ತೊಳೆದು ಅದರ ಶಕ್ತಿ ಇಳಿದಾಗ ಹೊಸದು. ಹೀಗೆ ತಿಂಗಳಿಗೆ ಒಂದೋ ಎರಡೋ ಸಲ ನೀಲಕ್ಕನಿಗೆ ಹೊಸ ಫಿಲ್ಟರ್ ಬರುತ್ತಿತ್ತು. ಅಂಥ ದಿನ ಸೂಜಿ ಚುಚ್ಚಿ ಹತ್ತು ನಿಮಿಷವಾಗುವುದರೊಳಗೆ ಅವಳ ಬೆನ್ನು ಉರಿಯುತ್ತಿತ್ತು, ಅಂಗಾಲು ಅಂಗೈ ತುರಿಸುತ್ತಿದ್ದವು, ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತಿತ್ತು.

ಅವಳು ಅದನ್ನು ಬದನೆಕಾಯಿಯ ಮೇಲೆ ಹಾಕಿದಳು. ಮೈ ತುರಿಸಿದರೆ ಹಿಂದಿನ ದಿನ ಏನು ನಂಜಿನ ಪದಾರ್ಥ ಉಂಡೆ ಎಂದು ಕೇಳಿಕೊಳ್ಳುವುದೇ ಆ ಕಡೆಯ ರೂಢಿ. ಭಾನುವಾರ ಮನೆಯಲ್ಲಿ ಎಣ್ಣೆಗಾಯಿ ಆಗಿತ್ತಲ್ಲ, ಅದೇ ಇರಬೇಕು. ಬದನೆಕಾಯಿ ಬಿಟ್ಟಳು. ಮುಂದಿನ ತಿಂಗಳು ಮತ್ತೆ ತುರಿಸಿತು. ಶೇಂಗಾದ ಹಿಂಡಿ ಬಿಟ್ಟಳು. ಆಮೇಲೆ ನುಗ್ಗೆಕಾಯಿ. ಆಮೇಲೆ ಅಲಸಂದಿ. ತಾಟಿನಲ್ಲಿ ರೊಟ್ಟಿ, ಅನ್ನ, ಉಪ್ಪಿಲ್ಲದ ಒಂದು ಪಲ್ಯ ಉಳಿದವು. ಫಿಲ್ಟರಿನ ಹೆಸರು ಮಾತ್ರ ಅವಳ ತಲೆಗೆ ಹೊಳೆಯಲಿಲ್ಲ. ಅದು ಉಣ್ಣುವ ವಸ್ತುವಲ್ಲವಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಪಕ್ಕದ ಮಂಚದ ದಾವೂದಸಾಬರು ಒಂದು ಮಾತು ಎತ್ತಿದ್ದರು. ದಾವೂದಸಾಬರು ಕಲಘಟಗಿಯಲ್ಲಿ ತೊಟ್ಟಿಲಿನ ಕಟ್ಟಿಗೆ ಕೆಲಸ ಮಾಡುತ್ತಿದ್ದವರು, ಎಡಚರು. ಎಡಗೈ ಉಳಿ ಹಿಡಿಯಲು ಬೇಕೆಂದು ಬಲಗೈಗೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದರು. ತೊಳೆದ ಫಿಲ್ಟರ್ ಹಚ್ಚಿದ ದಿನ ಅವರಿಗೆ ಚಳಿ ಬರುತ್ತಿತ್ತು. ಎರಡು ಕಂಬಳಿ ಹೊದಿಸಿದರೂ ಮಂಚ ಗಡಗಡ ಅನ್ನುತ್ತಿತ್ತು.

"ಅಕ್ಕಾರ, ನಿಮ್ಮ ಅಕ್ಷರ ಮುತ್ತಿನಂಗ ಅದಾವು. ಟ್ರಸ್ಟಿನವರಿಗೆ ಒಂದು ಅರ್ಜಿ ಬರೀರಿ. ಪ್ರತಿ ಸಲ ಎಲ್ಲಾರಿಗೂ ಹೊಸಾ ಫಿಲ್ಟರ್ ಬೇಕು ಅಂತ. ಹನ್ನೆರಡೂ ಮಂದಿ ಸಹಿ ಮಾಡೂಣು."

ನಲವತ್ತು ದಾಟಿದ ಮೇಲೆ ಊರ ಶಾಲೆಯ ಪಡಸಾಲೆಯಲ್ಲಿ ಅನ್ನಪೂರ್ಣಾ ಟೀಚರ ಹತ್ತಿರ ಅಕ್ಷರ ಕಲಿತವಳು ನೀಲಕ್ಕ. ಬರೆಯಿರಿ ಅಂದರೆ ಅವಳಿಗೆ ಹಬ್ಬ. ದಾವೂದಸಾಬರು ಹೇಳುತ್ತ ಹೋದರು, ಇವಳು ಬರೆಯುತ್ತ ಹೋದಳು. 'ಹೊಸ ಫಿಲ್ಟರಿನ ದಿನ ನಮ್ಮಲ್ಲಿ ಯಾರಿಗೂ ಯಾವ ತ್ರಾಸೂ ಆಗುವುದಿಲ್ಲ' ಎಂಬ ಸಾಲು ಬಂದಾಗ ಅವಳ ಪೆನ್ನು ಒಂದು ಗಳಿಗೆ ನಿಂತಿತು. ನನಗಾಗುವುದು ಬದನೆಕಾಯಿಯಿಂದ ಅಲ್ಲವೇ ಅಂದುಕೊಂಡು ಬರೆದಳು. ಕೆಳಗೆ ಮೊದಲ ಸಹಿಯೂ ಅವಳದೇ.

ಸಂಕ್ರಮಣ ಕಳೆದ ಮೇಲೆ ಹೊಸ ಪೆಟ್ಟಿಗೆಗಳು ಬಂದವು. ತೊಳೆಯುವ ಕೋಣೆಗೆ ಕೀಲಿ ಬಿತ್ತು. ಇನ್ನು ಮೇಲೆ ಒಂದು ಫಿಲ್ಟರ್ ಒಂದೇ ಸಲಕ್ಕೆ. ದಾವೂದಸಾಬರು ಎಲ್ಲರಿಗೂ ಪೇಢೆ ಹಂಚಿದರು, ತಾವು ಮಾತ್ರ ಅರ್ಧ ತಿಂದರು. ಅಂದಿನಿಂದ ಅವರಿಗೆ ಚಳಿ ಬರಲಿಲ್ಲ.

ನೀಲಕ್ಕನಿಗೆ ತಿಂಗಳಿಗೊಮ್ಮೆ ಬರುತ್ತಿದ್ದದ್ದು ವಾರಕ್ಕೆ ಮೂರು ಸಲ ಬರತೊಡಗಿತು. ತಾಟಿನಲ್ಲಿ ಬಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಆಗ ಅವಳಿಗೆ ತಿಳಿಯಿತು.

ಮರುದಿನ ಸೋಮವಾರ ಸಂಗನಬಸವ ಪೆಟ್ಟಿಗೆ ಒಡೆದು ಹೊಸ ಫಿಲ್ಟರ್ ತೆಗೆದ. ಅವನು ಮೂವತ್ತರ ಆಸುಪಾಸಿನ ನಿಧಾನಿ. ಉಪ್ಪುನೀರಿನ ಒಂದು ಬಾಟಲಿ ಹಾಯಿಸಿ ತೊಳೆಯುವುದು ನಿಯಮ, ನೀಲಕ್ಕನ ಫಿಲ್ಟರಿಗೆ ಮಾತ್ರ ಡಾಕ್ಟರನ್ನು ಕೇಳಿ ಎರಡು ಹಾಯಿಸುತ್ತಿದ್ದ.

"ಇನ್ನೊಂದು ಹೊಯ್ಯೋ ಸಂಗಣ್ಣ."

"ಎರಡ ಬಾಟ್ಲಿಗಿಂತ ಹೆಚ್ಚಿಗಿ ನನಗ ಕೊಡಂಗಿಲ್ರಿ ಅವ್ವಾರ. ಮತ್ತ ಇದು ನೀರಿಲೆ ಹೋಗೂ ಗಂಜಿ ಅಲ್ರಿ. ಒಳಗ ಏನರ ಔಷಧ ಉಳದಿದ್ರ ತೊಳದ ಹೋಗತೈತಿ. ಆ ಪೊರೀನ ರಕ್ತಕ್ಕ ಹಿಡಸಲಿಲ್ಲಂದ್ರ ಏನ್ ಮಾಡಾಕ ಬರತೈತಿ?"

"ಹಳೇದು ಹೆಂಗ ಹಿಡಸತಿತ್ತು?"

"ಹಳೇದ್ರ ಮ್ಯಾಲ ನಿಮ್ಮ ರಕ್ತಾನ ಒಂದು ತೆಳು ಲೇಪ ಬಳದ ಬಿಟ್ಟಿರತಿತ್ತು. ತೊಳದ್ರೂ ಪೂರಾ ಹೋಗತಿದ್ದಿಲ್ಲ. ಎರಡನೇ ಸಲ ಹಚ್ಚಿದಾಗ ರಕ್ತಕ್ಕ ತನ್ನ ಮನಿಗೆ ಬಂದಂಗ. ಹೊಸಾದಕ್ಕ ಆ ಲೇಪ ಇರಂಗಿಲ್ಲ. ಪರರ ವಸ್ತು ಬಂತು ಅಂತ ಮೈಯಾಗಿನ ಕಾವಲುಗಾರರೆಲ್ಲಾ ಒಮ್ಮಿಗೇ ಎದ್ದು ನಿಂದರತಾರ. ಭಾಳ ಮಂದಿಗೆ ಅದು ಗೊತ್ತಾಗಂಗಿಲ್ಲ. ನಿಮಗ ಗೊತ್ತಾಗತೈತಿ."

ಸೂಜಿ ಹೋದವು. ಕೆಂಪು ಕೊಳವೆಯಲ್ಲಿ ರಕ್ತ ಹರಿದು ಫಿಲ್ಟರಿನ ಬಿಳಿ ಕೆಳಗಿನಿಂದ ಕೆಂಪಾಗುತ್ತ ಬಂತು. ನೀಲಕ್ಕ ಗೋಡೆಯ ಗಡಿಯಾರ ನೋಡಿದಳು. ಐದು ನಿಮಿಷಕ್ಕೆ ಏನಿಲ್ಲ. ಏಳಕ್ಕೆ ಅಂಗಾಲು ತುರಿಸಿತು. ಕಾಲಿಗೆ ಕಾಲು ಉಜ್ಜಿದಳು. ಹತ್ತಕ್ಕೆ ನಡುಬೆನ್ನಿನಲ್ಲಿ ಕೆಂಡ. ಎದ್ದು ಕೂತರೆ ಕಡಿಮೆಯಾಗುತ್ತದೋ ಅನ್ನಿಸುತ್ತದೆ, ಏಳುವಂತಿಲ್ಲ. ಕೈ ಕೊಡವಬೇಕು ಅನ್ನಿಸುತ್ತದೆ, ಕೊಡವಿದರೆ ಸೂಜಿ ಸರಿದು ನರ ಹರಿಯುತ್ತದೆ. ಈಗ ಎಲ್ಲ ಕಿತ್ತೊಗೆದು ಓಡಿದರೆ ಅವಳ ಕಾಲು ಸೇರು ರಕ್ತ ಆ ಕೊಳವೆಗಳಲ್ಲೇ ಉಳಿಯುತ್ತದೆ. ಓಡುವುದಾದರೂ ಎಲ್ಲಿಗೆ? ಇದೊಂದೇ ಕೇಂದ್ರ ಹತ್ತಿರದ್ದು. ಹುಬ್ಬಳ್ಳಿಯಲ್ಲಿ ಪಾಳಿ ಸಿಗಲು ಎಷ್ಟು ತಿಂಗಳೋ. ಬಂದರೆ ಈ ಮಶೀನು ಸುಡುತ್ತದೆ, ಬಾರದಿದ್ದರೆ ಮೈಯೊಳಗಿನ ನೀರು ಮುಳುಗಿಸುತ್ತದೆ. ಅವಳು ಹಲ್ಲು ಕಚ್ಚಿ ಗಡಿಯಾರದ ಮುಳ್ಳನ್ನೇ ನೋಡುತ್ತ ಮಲಗಿದಳು.

ಸಂಗನಬಸವ ಬಂದು ಪಂಪಿನ ವೇಗ ಇಳಿಸಿದ. ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಹಚ್ಚಿ, ಅವರು ಹೇಳಿದ ಇಂಜೆಕ್ಷನ್ ಕೊಟ್ಟ. ಅರ್ಧ ತಾಸಿಗೆ ಉರಿ ಇಳಿಯಿತು. ಇಳಿಯುವ ಹೊತ್ತಿಗೆ ಅವಳ ರವಿಕೆ ಒದ್ದೆಯಾಗಿತ್ತು.

"ಅವ್ವಾರ, ಆ ಕಾಗದ ಕಳಿಸಿದ್ರಿ ಇಲ್ಲೋ?"

ಅವಳು ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು.

"ನಾ ಎರಡ ಸಲ ಟ್ರಸ್ಟಿನ ಆಫೀಸಿಗೆ ಬರದೇನ್ರಿ, ಬ್ಯಾರೆ ಥರದ ಪೊರಿ ಬೇಕಂತ. ಇವು ಒಂದು ನಮೂನಿ ಪ್ಲಾಸ್ಟಿಕ್. ಹತ್ತಿ ತಿರುಳಿನಿಂದ ಮಾಡಿದ್ದೂ ಒಂದು ಬರತೈತಿ. ಹತ್ತಿ ಅಂದಕೂಡ್ಲೇ ಒಗ್ಗತೈತಿ ಅಂತ ಹೇಳಾಕ ಬರಂಗಿಲ್ಲ, ಆದ್ರ ನಿಮಗ ಹಚ್ಚಿ ನೋಡಬೇಕು. ಅದಕ್ಕ ಅವರು ಏನಂದ್ರು? ನಿಮ್ಮ ಕೇಂದ್ರದಿಂದ ಹನ್ನೆರಡೂ ಮಂದಿ ಹೊಸಾದ್ರಿಂದ ತ್ರಾಸಿಲ್ಲ ಅಂತ ಬರದುಕೊಟ್ಟಾರಲ್ಲ, ಈಗ ಏನಾತು, ಪೇಷಂಟ್ ಸ್ವತಃ ಡಾಕ್ಟರಿಗೆ ಬರೀಲಿ ಅಂದ್ರು. ನಿಮ್ಮ ಅರ್ಜೀನ ತಗದು ತೋರಸ್ತಾರ್ರಿ."

ಪಕ್ಕದ ಮಂಚದಲ್ಲಿ ದಾವೂದಸಾಬರು ಮುಖದ ಮೇಲಿನ ಟಾವೆಲ್ ಸರಿಸಿದರು. ಮೊದಲ ಒಂದು ತಾಸು ಟಾವೆಲ್ ಹೊದ್ದು ನಿದ್ದೆ ಮಾಡುವುದು ಅವರ ಅಭ್ಯಾಸ.

"ಏನ್ ಕಾಗದ ಅದು ಅಕ್ಕಾರ?"

ಅವಳು ಹೇಳಿದಳು. ದಾವೂದಸಾಬರು ಮೊದಲು ನಕ್ಕರು. "ಹೊಸಾದು ಬ್ಯಾಡ ಅನ್ನೂ ಹೆಣಮಗಳನ್ನ ಇವತ್ತ ನೋಡಿದೆ ನೋಡ್ರಿ. ನಿಮ್ಮ ಫೋಟೋ ಗ್ವಾಡಿಗೆ ಹಾಕಿ ನಮ್ಮ ಮನ್ಯಾಕಿಗೆ ದಿನಾ ತೋರಸ್ತೇನಿ." ಆಮೇಲೆ ನಗು ನಿಂತಿತು. "ತಡೀರಿ. ನೀವು ಹಂಗ ಬರದ್ರ ಆಫೀಸಿನವರು ಏನ್ ತಿಳಕೋತಾರ? ಹೊಸಾವು ಇವರಿಗೆ ಬ್ಯಾಡಂತ, ಮೊದಲಿನಂಗ ತೊಳದು ಹಚ್ಚರಿ ಅಂತಾರ. ಮತ್ತ ನನಗ ಎರಡ ಕಂಬಳಿ."

"ನಾ ಎಲ್ಲಾರಿಗೂ ಬ್ಯಾಡ ಅಂತ ಬರದಿಲ್ಲ ಅಣ್ಣಾರ."

"ನೀವು ಬರದದ್ದು ಯಾರ ಪೂರಾ ಓದತಾರ್ರಿ? ಅವರು ಒಂದು ಸಾಲು ಓದತಾರ. ಸ್ವಲ್ಪ ತಾಳ್ರಿ ಅಕ್ಕಾರ, ಒಗ್ಗತೈತಿ. ಹದಿನೈದು ನಿಮಿಷದ ಮಾತು."

ಹದಿನೈದು ನಿಮಿಷ. ಟ್ರಂಕಿನಲ್ಲಿ ಆ ಕಾಗದ ಒಂದೂವರೆ ತಿಂಗಳು ಕೂತದ್ದು ಇದೇ ಮಾತಿಗೆ ಅಂಜಿ. ಇಡೀ ಕೇಂದ್ರದ ಪರವಾಗಿ ತಾನೇ ಬರೆದು, ತಾನೇ ಮೊದಲ ಸಹಿ ಹಾಕಿ, ಈಗ ತಾನೇ ಅದು ಸುಳ್ಳು ಅನ್ನುವುದು ಹೇಗೆ? ತನ್ನ ಸುಳ್ಳಿನ ಕೆಳಗೆ ಹನ್ನೊಂದು ಮಂದಿಯ ಸಹಿ ಇದ್ದವು. ಅವರಿಗೆ ಅದು ಸುಳ್ಳಾಗಿರಲಿಲ್ಲ.

ಬುಧವಾರ ಬೆಳಗ್ಗೆ ಶಂಭುಲಿಂಗಪ್ಪ ಗಾಡಿ ಹೊರಗೆ ತೆಗೆದು ನಿಂತ. ನೀಲಕ್ಕ ಹೊರಗೆ ಬರಲಿಲ್ಲ.

"ಇವತ್ತ ಒಲ್ಲೆ."

"ಹುಚ್ಚಿ ಅದೀಯೇನು? ತಪ್ಪಿಸಿದ್ರ ಏನಾಗತೈತಿ ಗೊತ್ತಿಲ್ಲೇನು?"

"ಒಂದು ದಿನ. ಒಂದ ಒಂದು ದಿನ ನನ್ನ ಬೆನ್ನು ಸುಡೂದು ಬ್ಯಾಡ."

ಅವನು ಗಾಡಿಯನ್ನು ಮತ್ತೆ ಕಟ್ಟೆಗೆ ಆನಿಸಿದ. ಹೊಲಕ್ಕೂ ಹೋಗಲಿಲ್ಲ.

ಬಿಡುಗಡೆಯಾದ ಹಾಗೆ ಅನ್ನಿಸಿದ್ದು ಮಧ್ಯಾಹ್ನದವರೆಗೆ ಮಾತ್ರ. ಅಷ್ಟರಲ್ಲಿ ಕೂಸು ಅಳತೊಡಗಿತು. ಮೊಲೆ ಕೊಟ್ಟರೂ ನಿಲ್ಲಲಿಲ್ಲ, ತೂಗಿದರೂ ನಿಲ್ಲಲಿಲ್ಲ. ನೀಲಕ್ಕ ಎತ್ತಿಕೊಂಡು ನೋಡಿದರೆ ಕೂಸಿನ ಮೈಮೇಲೆ ಒಗೆಯದ ಇನ್ನೊಂದು ಹೊಸ ಅಂಗಿ, ಪೆಟ್ಟಿಗೆಯಿಂದ ಆಗಲೇ ತೆಗೆದದ್ದು, ಮಡಿಕೆಯ ಗೆರೆ ಕೂಡ ಹಾಗೇ ಇತ್ತು.

"ಅತ್ತಿ ವಿಡಿಯೋ ಕಾಲ್ ಮಾಡಿದ್ರು," ಶೈಲಶ್ರೀ ತಲೆ ತಗ್ಗಿಸಿ ಹೇಳಿದಳು. "ನಾವು ಕೊಟ್ಟ ಅಂಗಿ ಹಾಕೇ ಇಲ್ಲಲ್ಲ ಅಂದ್ರು. ಅವರ ಮನಸಿಗೆ ಬ್ಯಾಸರ ಆದೀತು ಅಂತ…"

ಅಂಗಿ ಬಿಚ್ಚಿದರೆ ಕುತ್ತಿಗೆಯ ಸುತ್ತ, ಕಂಕುಳಲ್ಲಿ ಕೆಂಪು ಬೊಕ್ಕೆ ಎದ್ದಿದ್ದವು. ನೀಲಕ್ಕ ಕೊಬ್ಬರಿ ಎಣ್ಣೆ ಸವರಿ ತನ್ನ ಹಳೆಯ ಸೀರೆಯ ತುಂಡು ಸುತ್ತಿದಳು. ಕೂಸು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

"ನೋಡು, ಇಷ್ಟ ಕೂಸು," ಶೈಲಶ್ರೀ ಅಂದಳು. "ಅತ್ತಿ ಏನ್ ತಿಳಕೋತಾಳ, ಮಂದಿ ಏನಂತಾರ ಅಂತ ಕೇಳ್ತೇನು? ಒದರಿ ಒದರಿ ಬಿಚ್ಚಿಸಿಕೊಂಡ್ತು. ನೀ ಕಾಗದ ಬರಿಯಾಕ ಕಲತಾಕಿ, ಬಾಯಿ ಮುಚಗೊಂಡು ಮನ್ಯಾಗ ಕುಂತಿ."

"ಆತು ಬಿಡಲೇ. ಭಾಳ ಮಾತ ಕಲತಿ."

"ನೀನ ಕಲಿಸಿದ್ದು."

ನೀಲಕ್ಕ ಎದ್ದು ಹೋಗಿ ಹಿತ್ತಲ ಕಟ್ಟೆಯ ಮೇಲೆ ಕೂತಳು. ಎಡಗೈಯನ್ನು ಕಿವಿಗೆ ಹಿಡಿದಳು. ಸೂಜಿ ಚುಚ್ಚಲೆಂದು ಡಾಕ್ಟರು ಕೂಡಿಸಿ ಹೊಲಿದ ನರ ಅಲ್ಲಿ ಯಾವಾಗಲೂ ಗುಂಯ್ ಅನ್ನುತ್ತಿರುತ್ತದೆ. ಆ ಸಪ್ಪಳ ಇದ್ದಷ್ಟು ದಿನ ಮಶೀನಿಗೆ ದಾರಿ ಇದೆ ಎಂದು ಅರ್ಥ. ಅವಳು ಬಹಳ ಹೊತ್ತು ಅದನ್ನೇ ಕೇಳುತ್ತ ಕೂತಳು.

ಗುರುವಾರ ಪಾದ ಬಾತವು. ಕಾಲುಂಗುರ ತೆಗೆಯಲು ಸೋಪು ಹಚ್ಚಬೇಕಾಯಿತು. ಅಡ್ಡಾದರೆ ಉಸಿರು ಸಿಗದು, ಗೋಡೆಗೆ ಆತು ಕೂತೇ ಬೆಳಗು ಮಾಡಿದಳು. ಶುಕ್ರವಾರ ಗಂಡ ಗಾಡಿ ಬಿಟ್ಟು ಬಾಡಿಗೆಯ ಆಟೋ ತಂದ. ಹೊರಡುವಾಗ ನೀಲಕ್ಕ ಟ್ರಂಕು ತೆಗೆದು ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡಳು. ಕಳಿಸುತ್ತೇನೆ ಎಂದು ಆಗಲೂ ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಸಂಗನಬಸವ ತೂಕ ನೋಡಿ ಬೈಯಲೂ ಇಲ್ಲ. ಲಗುಬಗೆಯಿಂದ ಸೂಜಿ ಹಾಕಿದ. ಮೈಯಲ್ಲಿ ಮೊದಲೇ ಉಸಿರಿಗೆ ಜಾಗವಿರಲಿಲ್ಲ. ಅದರ ಮೇಲೆ ಹೊಸ ಪೊರೆಯ ಉರಿ ಏರಿತು. ಎಂಟನೆಯ ನಿಮಿಷಕ್ಕೆ ಅವಳ ತುಟಿ ಬಿಳಚಿದವು. ಗಂಟಲಲ್ಲಿ ಸೀಟಿ ಊದಿದ ಹಾಗೆ ಸಪ್ಪಳ. ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕಿ ಎರಡು ಮಂಚಗಳ ನಡುವಿನ ಸಣ್ಣ ಟೇಬಲ್ಲಿಗೆ ಬಡಿಯಿತು. ಸ್ಟೀಲಿನ ಲೋಟ ಉರುಳಿ ನೆಲಕ್ಕೆ ಬಿತ್ತು.

ಆ ಸಪ್ಪಳಕ್ಕೆ ದಾವೂದಸಾಬರು ಟಾವೆಲ್ ತೆಗೆದರು. ಮೂರು ವರ್ಷ ಬಾಜು ಮಂಚದಲ್ಲಿ ಮಲಗಿದವರು ಅವಳ ಮೊದಲ ಹದಿನೈದು ನಿಮಿಷವನ್ನು ಅಂದು ಮೊದಲ ಸಲ ಕಂಡರು.

"ಏ ಸಂಗಣ್ಣ! ಸಂಗಣ್ಣ! ಬಾರೋ ಇಲ್ಲಿ ಲಗೂ! ಅಕ್ಕ ನೋಡು ಹೆಂಗ ಮಾಡ್ತಾಳ!"

ಸಂಗನಬಸವ ಓಡಿ ಬಂದು ಪಂಪು ನಿಲ್ಲಿಸಿದ. ಮೂಗಿಗೆ ಆಕ್ಸಿಜನ್, ಒಂದು ಇಂಜೆಕ್ಷನ್, ಇನ್ನೊಂದು. ಡಾಕ್ಟರ ಫೋನು. ಆ ಫಿಲ್ಟರಿನಲ್ಲಿದ್ದ ರಕ್ತವನ್ನು ಮೈಗೆ ವಾಪಸು ಕೊಡಬೇಡ, ಹಾಗೇ ಬಿಟ್ಟುಬಿಡು ಎಂದು ಡಾಕ್ಟರು ಹೇಳಿದ್ದು ಅವಳ ಕಿವಿಗೆ ದೂರದಿಂದ ಬಿತ್ತು. ಕೆಂಪಾಗಿ ನಿಂತಿದ್ದ ಆ ನಳಿಗೆಯನ್ನು ಬಿಚ್ಚಿ ಒಯ್ದದ್ದನ್ನು ನೋಡಿದಳು. ತನ್ನದೇ ರಕ್ತ, ತನಗೇ ಬಾರದ ಹಾಗಾಯಿತು.

ಒಂದು ತಾಸು ಸುಧಾರಿಸಿಕೊಂಡ ಮೇಲೆ ಮತ್ತೆ ಹಚ್ಚಲೇಬೇಕಾಯಿತು. ಮೈಯ ನೀರು ಇಳಿಸದೆ ಮನೆಗೆ ಕಳಿಸುವಂತಿರಲಿಲ್ಲ. ಇನ್ನೊಂದು ಹೊಸ ಫಿಲ್ಟರ್, ಡಾಕ್ಟರ ಮಾತಿನ ಮೇಲೆ ಮೂರು ಬಾಟಲಿ ಉಪ್ಪುನೀರು, ಮುಂಚೆಯೇ ಇಂಜೆಕ್ಷನ್, ಪಂಪು ಬಹಳ ನಿಧಾನ. ಸಂಗನಬಸವ ಸ್ಟೂಲು ಹಾಕಿಕೊಂಡು ಅವಳ ಮುಂದೆಯೇ ಕೂತ. ಬೆನ್ನು ಬಿಸಿಯಾಯಿತು, ಅಂಗೈ ತುರಿಸಿತು, ಅಲ್ಲಿಗೇ ನಿಂತಿತು.

ಆಮೇಲೆ ದಾವೂದಸಾಬರು ಛತ್ತಿನ ಕಡೆ ನೋಡುತ್ತ ಅಂದರು, "ಪ್ರತಿ ಸಲ ಹಿಂಗ ಆಗತೈತೇನ್ರಿ?"

"ಇಷ್ಟಿಲ್ಲ. ಇವತ್ತ ಜಾಸ್ತಿ."

"ಮತ್ತ ಒಮ್ಮೆರ ಚೀರಬಾರದೇನ್ರಿ?"

"ನಿಮಗ ನಿದ್ದಿ ಹತ್ತಿರತಿತ್ತು."

ದಾವೂದಸಾಬರು ಟಾವೆಲನ್ನು ಮಡಿಚಿ ದಿಂಬಿನ ಕೆಳಗೆ ತುರುಕಿದರು. "ಆ ಕಾಗದ ಎಲ್ಲೈತಿ?"

ಸಂಗನಬಸವ ಅವಳ ಚೀಲದಿಂದ ಲಕೋಟೆ ತೆಗೆದು ಕೊಟ್ಟ. ನೀಲಕ್ಕ ಕಾಗದ ಬಿಡಿಸಿ ಓದಿಕೊಂಡಳು. ಒಂದೂವರೆ ತಿಂಗಳ ಹಿಂದೆ ಬರೆದದ್ದು ಬರಿಯ ಬೇಡಿಕೆ. 'ನನಗೆ ತ್ರಾಸಾಗುತ್ತದೆ, ದಯವಿಟ್ಟು ಬೇರೆ ಫಿಲ್ಟರ್ ಕೊಡಿಸಿರಿ.' ಎಷ್ಟನೆಯ ನಿಮಿಷಕ್ಕೆ ಏನಾಗುತ್ತದೆ ಎಂಬುದಿರಲಿಲ್ಲ. ಹಿಂದಿನ ಅರ್ಜಿಯ ಸುದ್ದಿಯಂತೂ ಇರಲೇ ಇಲ್ಲ. ಅದೊಂದನ್ನು ತಪ್ಪಿಸಿ ನಡೆದಿತ್ತು ಆ ಕಾಗದ, ಆಫೀಸಿನವರು ಎತ್ತಿ ತೋರಿಸುವುದು ಅದನ್ನೇ.

"ಪೆನ್ನು ಕೊಡೋ ಸಂಗಣ್ಣ."

ಟೇಬಲ್ಲಿನ ಮೇಲೆ ಕಾಗದ ಇಟ್ಟಳು. ಎಡಗೈ ಸೂಜಿಗಳ ಜೊತೆ ಕಟ್ಟಿಕೊಂಡು ಬಿದ್ದಿತ್ತು. ಬಲಗೈಯಿಂದ ಬರೆಯಲು ಹೋದರೆ ಕಾಗದ ಸರಿದು ಹೋಗುತ್ತಿತ್ತು. ಒಂದು ಅಕ್ಷರ ಬರೆಯುವುದರೊಳಗೆ ಎರಡು ಬೆರಳು ಆಚೆ. ಮೂರನೆಯ ಸಲ ಸರಿದಾಗ ಆ ಕಡೆಯ ಮಂಚದಿಂದ ದಾವೂದಸಾಬರ ಎಡಗೈ ಬಂದು ಕಾಗದದ ಮೂಲೆಯನ್ನು ಒತ್ತಿ ಹಿಡಿಯಿತು. ಉಳಿ ಹಿಡಿದು ಹೆಬ್ಬೆರಳು ದಡ್ಡುಗಟ್ಟಿದ ಕೈ.

ನೀಲಕ್ಕ ಬರೆದಳು. ಏಳನೆಯ ನಿಮಿಷಕ್ಕೆ ತುರಿಕೆ, ಹತ್ತಕ್ಕೆ ಬೆನ್ನು, ಅರ್ಧ ತಾಸಿಗೆ ಇಳಿಯುತ್ತದೆ ಎಂದು ಬರೆದಳು. ತೊಳೆದ ಫಿಲ್ಟರಿನ ಕಾಲದಲ್ಲೂ ಹೊಸದರ ಮೊದಲ ದಿನ ಹೀಗೇ ಆಗುತ್ತಿತ್ತು, ಎರಡನೆಯ ದಿನದಿಂದ ಆಗುತ್ತಿರಲಿಲ್ಲ ಎಂದು ಬರೆದಳು. ಆಮೇಲೆ ಪೆನ್ನು ನಿಂತಿತು. ದೀಪಾವಳಿಯಲ್ಲಿ ನಿಂತ ಹಾಗೆಯೇ. ದಾವೂದಸಾಬರು ಕಾಗದ ಬಿಡದೆ ಕಾದರು.

'ಹಿಂದಿನ ಅರ್ಜಿಯಲ್ಲಿ ಯಾರಿಗೂ ಯಾವ ತ್ರಾಸೂ ಆಗುವುದಿಲ್ಲ ಎಂದು ಬರೆದವಳು ನಾನೇ. ನನ್ನ ಮಟ್ಟಿಗೆ ಆ ಮಾತು ತಪ್ಪು. ಬದನೆಕಾಯಿ ತಿಂದದ್ದರಿಂದ ಹೀಗಾಗುತ್ತದೆ ಎಂದು ಆಗ ತಿಳಿದಿದ್ದೆ. ಉಳಿದ ಹನ್ನೊಂದು ಮಂದಿಯ ಸಹಿ ಖರೆ ಇದೆ, ಅವರಿಗೆ ಪ್ರತಿ ಸಲ ಹೊಸದೇ ಬೇಕು. ಅದನ್ನು ನಿಲ್ಲಿಸಬಾರದು. ನನಗೆ ಮಾತ್ರ ಬೇರೆ ಬಗೆಯ ಪೊರೆಯದನ್ನು ಹಚ್ಚಿ ನೋಡಿರಿ.'

ದಾವೂದಸಾಬರು ಕತ್ತು ಹೊರಳಿಸಿ ಓದಿದರು. "ಬದನೀಕಾಯಿ ಸುದ್ದಿ ಯಾಕ್ರಿ ಅಕ್ಕಾರ? ಡಾಕ್ಟರ್ ನಗತಾರ."

"ನಗಲಿ. ಖರೇ ಆದದ್ದು ಅದ."

"ನಾನೂ ಒಂದು ಸಹಿ ಹಾಕ್ಲೇನ್ರಿ?"

"ಬ್ಯಾಡ ಅಣ್ಣಾರ. ಇದು ನಂದೊಂದ ಮೈಯಿನ ಮಾತು."

ಸಂಗನಬಸವ ಅಂದಿನ ಚಾರ್ಟಿನ ನಕಲು ತಂದು ಅದರ ಜೊತೆ ಮಡಿಚಿದ.

ಸೂಜಿ ತೆಗೆದು, ತೋಳಿಗೆ ಪಟ್ಟಿ ಕಟ್ಟಿ ಹೊರಗೆ ಬಿಟ್ಟಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. ಶಂಭುಲಿಂಗಪ್ಪ ಆಟೋದಲ್ಲಿ ಕೂತಿದ್ದ. "ನೆಟ್ಟಗ ಮನಿಗೆ ಹೋಗೂಣು," ಅಂದ.

"ಮೊದಲು ಪೋಸ್ಟಿಗೆ."

"ನಾ ಕೊಟ್ಟು ಬರತೇನಿ ತಾ. ನೀ ಕುಂಡ್ರು."

"ನಾನ ಹೋಗತೇನಿ."

ಅಂಚೆ ಕಚೇರಿಯ ಮೂರು ಮೆಟ್ಟಿಲಿಗೆ ಅವಳು ಮೂರು ಸಲ ನಿಂತಳು. ಕಿಟಕಿಯ ಆಚೆ ಕೂತಿದ್ದವನು ಲಕೋಟೆ ತಿರುಗಿಸಿ ನೋಡಿದ.

"ಇದರ ಬಾಯಿ ತೆರದ ಐತಲ್ರಿ ಅಮ್ಮಾರ."

ಅಂಟಿನ ಡಬ್ಬಿ ಒಣಗಿತ್ತು. ಅವಳು ಬೆರಳನ್ನು ತುಸು ನೀರಲ್ಲಿ ಅದ್ದಿ, ಡಬ್ಬಿಯ ಅಂಚು ಕೆರೆದು, ಬಲಗೈಯಿಂದಲೇ ಸವರಿ ಮೊಣಕೈಯಿಂದ ಒತ್ತಿ ಹಿಡಿದಳು.

"ಸೋಮವಾರದೊಳಗ ಮುಟ್ಟತೈತೇನ್ರಿ?"

"ನಾಳಿನ ಮುಟ್ಟತೈತ್ರಿ, ಹುಬ್ಬಳ್ಳಿ ಏನ್ ದೂರ ಐತಿ? ಓದೂದು ಅವರಿಗೆ ಬಿಟ್ಟದ್ದು."

ಸೋಮವಾರ ಮತ್ತೆ ಅದೇ ಪೆಟ್ಟಿಗೆ ಒಡೆಯುತ್ತಾರೆ. ಅದರ ಮುಂದಿನ ಬುಧವಾರವೂ ಇದ್ದೀತು. ನೀಲಕ್ಕನಿಗೆ ಅದು ಗೊತ್ತಿತ್ತು. ಅವಳು ಲಕೋಟೆಯನ್ನು ಕಿಟಕಿಯ ಸಂದಿನಲ್ಲಿ ಮುಂದಕ್ಕೆ ಸರಿಸಿದಳು. ಆತ ಅದರ ಮೇಲೆ ಚೀಟಿ ಅಂಟಿಸಿ, ಧಪ್ ಎಂದು ಶಿಕ್ಕಾ ಹೊಡೆದು, ಹಿಂದಿದ್ದ ಚೀಲದೊಳಗೆ ಹಾಕಿದ.